ಗಿಡದ ಸಾರ ನಿಜವಾಗಿಯೂ ವೈರಸ್ ತಡೆಯುತ್ತದೆಯೇ? ಲ್ಯಾಬ್‌ನಲ್ಲಿ ಮೋಸಹೋಗದೆ ನೋಡುವ ಬಗೆ

ಒಂದೇ ಸಾರ ಎಲ್ಲ ವೈರಸ್‌ಗಳನ್ನೂ ತಡೆಯಿತೆಂದರೆ ಹಿಗ್ಗುವ ಮೊದಲು ಅನುಮಾನಪಡಿ. ಬಹಳ ಸಲ ಅಲ್ಲಿ ಸಿಕ್ಕಿರುವುದು ಸೋಪು, ಅಂಟು ಅಥವಾ ಜೀವಕೋಶಕ್ಕೆ ವಿಷ. ಈ ಮೂರನ್ನೂ ಜರಡಿ ಹಿಡಿಯುವ ಕ್ರಮ ಇಲ್ಲಿದೆ.

ನೆಲಬೇವನ್ನೇ ತೆಗೆದುಕೊಳ್ಳೋಣ. ಗ್ರಂಧಿಗೆ ಅಂಗಡಿಯ ಪುಡಿ ಬೇಡ. ಅದರಲ್ಲಿ ಏನಿದೆಯೋ ಹೇಳುವವರಿಲ್ಲ. ಎಲೆ, ಕಾಯಿ ಸಮೇತ ಇಡೀ ಗಿಡ ತಂದು ಸಸ್ಯಶಾಸ್ತ್ರಜ್ಞರಿಂದ ಗುರುತಿಸಿ, ಒಂದು ಮಾದರಿಯನ್ನು ಹರ್ಬೇರಿಯಂನಲ್ಲಿ (ಒಣಗಿಸಿದ ಗಿಡಗಳ ಸಂಗ್ರಹ) ಇಡಿ. ನೆಲಬೇವಿನ ಮುಖ್ಯ ಕಹಿ ಅಂಶವಾದ ಆಂಡ್ರೋಗ್ರಾಫೊಲೈಡ್ ಹೆಚ್ಚಿರುವುದು ಎಲೆಯಲ್ಲಿ, ಕಡ್ಡಿಯಲ್ಲಲ್ಲ. ಬೆಂಗಳೂರಿನ ಮಳೆಗಾಲದಲ್ಲಿ ನೆರಳಲ್ಲಿ ಒಣಹಾಕಿದರೆ ಬೂಷ್ಟು ಹಿಡಿಯುತ್ತದೆ, ಬೂಷ್ಟಿನ ವಿಷವೂ ಸಾರಕ್ಕೆ ಇಳಿಯುತ್ತದೆ. ಟ್ರೇ ಡ್ರೈಯರ್‌ನಲ್ಲಿ 40 ಡಿಗ್ರಿ ಇಡಿ.

50 ಗ್ರಾಂ ಪುಡಿಗೆ 500 ಮಿ.ಲೀ. 80% ಎಥನಾಲ್ ಸುರಿದು 24 ಗಂಟೆ ಶೇಕರ್ ಮೇಲಿಡಿ. ಸೋಸಿ, ಅದೇ ಚರಟಕ್ಕೆ ಇನ್ನೆರಡು ಸಲ ಹೀಗೆ ಮಾಡಿ. ರೋಟರಿ ಇವಾಪೊರೇಟರ್‌ನಲ್ಲಿ 40 ಡಿಗ್ರಿ ಮೀರದಂತೆ ಆವಿ ಮಾಡಿ. ಒಣ ಸಾರವನ್ನು ಮಿ.ಲೀ.ಗೆ 50 ಮಿ.ಗ್ರಾಂ.ನಂತೆ ಡಿಎಂಎಸ್‌ಒದಲ್ಲಿ (ನೀರಿನಲ್ಲಿ ಕರಗದ್ದನ್ನೂ ಕರಗಿಸುವ ದ್ರಾವಕ) ಕರಗಿಸಿ. ಇದನ್ನು ಮಿ.ಲೀ.ಗೆ 100 ಮೈಕ್ರೋಗ್ರಾಂಗೆ ತೆಳುಮಾಡಿದಾಗ ಡಿಎಂಎಸ್‌ಒ 0.2% ಉಳಿಯುತ್ತದೆ, 0.5% ದಾಟಿದರೆ ಅದೇ ಜೀವಕೋಶವನ್ನು ಪೀಡಿಸಬಹುದು. ಅಷ್ಟೇ ಡಿಎಂಎಸ್‌ಒ ಇರುವ, ಸಾರವಿಲ್ಲದ ಗುಂಡಿಗಳನ್ನು (ಜೀವಕೋಶ ಬೆಳೆಸುವ ಪ್ಲೇಟಿನ ಪುಟ್ಟ ಕುಳಿಗಳು) ಹೋಲಿಕೆಗೆ ಇಡಲೇಬೇಕು.

ವೈರಸ್ ಮುಟ್ಟುವ ಮೊದಲು ವಿಷ ನೋಡಿ. 96 ಗುಂಡಿಗಳ ಪ್ಲೇಟಿನಲ್ಲಿ ಗುಂಡಿಗೆ 10,000 ವೆರೊ ಜೀವಕೋಶ (ಕೋತಿಯ ಮೂತ್ರಪಿಂಡದಿಂದ ಬಂದವು). ಸಾರವನ್ನು ಮಿ.ಲೀ.ಗೆ 100 ಮೈಕ್ರೋಗ್ರಾಂನಿಂದ ಅರ್ಧರ್ಧ ಇಳಿಸುತ್ತ ಎಂಟು ಪ್ರಮಾಣ. ವೈರಸ್ ಪರೀಕ್ಷೆಗೆ ಎಷ್ಟು ದಿನವೋ ಇದಕ್ಕೂ ಅಷ್ಟೇ ದಿನ ಬಿಟ್ಟು ಎಂಟಿಟಿ (ಬದುಕಿರುವ ಜೀವಕೋಶ ನೇರಳೆಗೆ ತಿರುಗಿಸುವ ಹಳದಿ ಬಣ್ಣ) ಹಾಕಿ, ಬಣ್ಣ ಎಷ್ಟು ಗಾಢವೆಂದು 570 ನ್ಯಾನೊಮೀಟರ್ ಬೆಳಕಿನಲ್ಲಿ ಓದಿ. ಹೊಸಬರು ಎಡವುವ ಜಾಗ ಇದೇ. ಗಿಡದಲ್ಲಿರುವ ಪಾಲಿಫಿನಾಲ್ ಎಂಬ ರಾಸಾಯನಿಕಗಳು ಎಂಟಿಟಿಯನ್ನು ತಾವೇ ನೇರಳೆ ಮಾಡುತ್ತವೆ. ಜೀವಕೋಶ ಸತ್ತಿದ್ದರೂ ಬದುಕಿದಂತೆ ಕಾಣುತ್ತದೆ. ಎಂಟಿಟಿಗೆ ಮೊದಲು ಸಾರ ತೊಳೆದು ತೆಗೆಯಿರಿ, ಜೀವಕೋಶವಿಲ್ಲದ ಗುಂಡಿಗಳಲ್ಲೂ ಸಾರ ಹಾಕಿ ಬಣ್ಣ ನೋಡಿ.

ಈಗ ವೈರಸ್. ಕೋಶದ ಪದರಕ್ಕೆ 50ರಿಂದ 100 ಪ್ಲಾಕ್ (ವೈರಸ್ ಕೋಶಗಳನ್ನು ಕೊಂದು ಪದರದಲ್ಲಿ ಮಾಡುವ ತೂತು) ಕೊಡುವಷ್ಟು ವೈರಸ್ ಹಾಕಿ, 37 ಡಿಗ್ರಿಯಲ್ಲಿ ಒಂದು ಗಂಟೆ ಬಿಟ್ಟು ತೊಳೆದು, ಸಾರ ಬೆರೆಸಿದ 1% ಸಿಎಂಸಿ (ವೈರಸ್ ದೂರ ಹರಡದಂತೆ ತಡೆಯುವ ಮಂದ ದ್ರವ) ಸುರಿಯಿರಿ. ಪ್ಲಾಕ್ ಮೂಡಿದ ಮೇಲೆ ಕೋಶ ಗಟ್ಟಿಯಾಗಲು ಫಾರ್ಮಲಿನ್, ಬಣ್ಣಕ್ಕೆ ಕ್ರಿಸ್ಟಲ್ ವಯೊಲೆಟ್, ಆಮೇಲೆ ಎಣಿಕೆ. ಅರ್ಧದಷ್ಟು ಕೋಶ ಕೊಲ್ಲುವ ಪ್ರಮಾಣವನ್ನು ಅರ್ಧದಷ್ಟು ಪ್ಲಾಕ್ ತಡೆಯುವ ಪ್ರಮಾಣದಿಂದ ಭಾಗಿಸಿ. 10ಕ್ಕಿಂತ ಕಡಿಮೆ ಬಂದರೆ ಆ ಸಾರವನ್ನು ಬಿಟ್ಟುಬಿಡಿ. ಕನಿಷ್ಠ ಬಿಎಸ್‌ಎಲ್-2 (ಜೈವಿಕ ಸುರಕ್ಷತೆಯ ಎರಡನೇ ಹಂತದ; ಚಿಕುನ್‌ಗುನ್ಯಾಕ್ಕೆ ಮೂರನೇ ಹಂತ ಬೇಕಾಗಬಹುದು) ಲ್ಯಾಬ್, ಜೈವಿಕ ಸುರಕ್ಷತಾ ಸಮಿತಿಯ ಒಪ್ಪಿಗೆ ಇಲ್ಲದೆ ಇದಕ್ಕೆ ಕೈಹಾಕಬೇಡಿ.

ವಿಶಾಲ ವ್ಯಾಪ್ತಿ ಎನ್ನಬೇಕಾದರೆ ಮೂರು ಬಗೆಯ ವೈರಸ್ ಬೇಕು: ಹರ್ಪಿಸ್ (ಹೊದಿಕೆಯುಳ್ಳ ಡಿಎನ್‌ಎ), ಚಿಕುನ್‌ಗುನ್ಯಾ (ಹೊದಿಕೆಯುಳ್ಳ ಆರ್‌ಎನ್‌ಎ), ಕಾಕ್ಸಾಕಿ ಬಿ3 (ಹೊದಿಕೆಯಿಲ್ಲದ್ದು). ಮೊದಲೆರಡು ಸತ್ತು ಕಾಕ್ಸಾಕಿ ಉಳಿದರೆ ಸಾರದ ಸಾಪೊನಿನ್ (ಸೋಪಿನಂಥ ಅಂಶ) ವೈರಸ್‌ನ ಕೊಬ್ಬಿನ ಹೊದಿಕೆಯನ್ನು ಒಡೆದಿರಬಹುದು, ಅಂಟುವಾಳದ ನೊರೆ ಜಿಡ್ಡು ತೆಗೆದ ಹಾಗೆ. 2% ಕುರಿರಕ್ತದ ಕೆಂಪುಕಣಕ್ಕೆ ಸಾರ ಹಾಕಿ, ಒಡೆದು ದ್ರವ ಕೆಂಪಾದರೆ ಅನುಮಾನ ಗಟ್ಟಿ. ಮೂರೂ ಸತ್ತರೆ ಟ್ಯಾನಿನ್ (ಒಗರು ಕೊಡುವ ಪಾಲಿಫಿನಾಲ್) ಇರಬಹುದು. ಅದು ಸಿಕ್ಕ ಪ್ರೋಟೀನಿಗೆಲ್ಲ ಅಂಟಿಕೊಳ್ಳುತ್ತದೆ. ಟ್ಯಾನಿನ್ ಹಿಡಿದಿಟ್ಟುಕೊಳ್ಳುವ ಪಾಲಿಅಮೈಡ್ ಕಾಲಂ ಮೂಲಕ ಸಾರ ಹಾಯಿಸಿದ ಮೇಲೆ ಗುಣವೆಲ್ಲ ಹೋಯಿತೇ? ಹಾಗಾದರೆ ಬಹುಶಃ ಟ್ಯಾನಿನ್ನೇ.

ಇಷ್ಟೆಲ್ಲ ದಾಟಿದ ಮೇಲೂ ಮದ್ದಿನ ಪ್ರಮಾಣ ದೇಹದಲ್ಲಿ ಸಾಕೇ ಎಂದು ನೋಡಬೇಕು. ಒಂದು ಉದಾಹರಣೆ. ಕಬ್ಬನ್ ಪಾರ್ಕ್‌ನಲ್ಲಿ ಆಸ್ಟ್ರೇಲಿಯಾ ಮೂಲದ ಕ್ಯಾಸ್ಟನೊಸ್ಪರ್ಮಮ್ ಮರವಿದೆ. ಅದರ ಬೀಜದಲ್ಲಿರುವ ಕ್ಯಾಸ್ಟನೊಸ್ಪರ್ಮಿನ್ ಎಂಬ ಅಂಶ, ವೈರಸ್‌ನ ಹೊರಪ್ರೋಟೀನು ಸರಿಯಾಗಿ ಮಡಚಿಕೊಳ್ಳಲು ಬೇಕಾದ ನಮ್ಮದೇ ಜೀವಕೋಶದ ಕಿಣ್ವವನ್ನು ತಡೆಯುತ್ತದೆ. ಹಾಗಾಗಿ ಹೊದಿಕೆಯುಳ್ಳ ಹಲವು ವೈರಸ್‌ಗಳಿಗೆ ಒಟ್ಟಿಗೇ ಪೆಟ್ಟು. ಅದರಿಂದ ಬಂದ ಸೆಲ್ಗೊಸಿವಿರ್ ಮದ್ದನ್ನು ಸಿಂಗಪುರದಲ್ಲಿ ಡೆಂಗಿ ರೋಗಿಗಳಿಗೆ ಕೊಟ್ಟು ನೋಡಿದರು. 2014ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ರಕ್ತದ ವೈರಸ್ ಪ್ರಮಾಣವಾಗಲಿ ಜ್ವರವಾಗಲಿ ಗಮನಾರ್ಹವಾಗಿ ಇಳಿಯಲಿಲ್ಲ. ಪ್ಲೇಟಿನಲ್ಲಿ ಸಾಕಾದಷ್ಟು ಮದ್ದು ರಕ್ತದಲ್ಲೂ ಹೊತ್ತುಹೊತ್ತಿಗೆ ಉಳಿಯುತ್ತದೆಯೇ ಎಂಬುದನ್ನು ಇಲಿಯ ಹಂತದಲ್ಲೇ ಅಳೆಯಿರಿ.