ನಿಫ್ಟಿ ಏರಿದರೂ ದುಡ್ಡು ಇಳಿಯುವುದೇಕೆ? ಆಪ್ಷನ್ ಕೊಳ್ಳುವ ಮುಂಚೆ ಹಾಕಬೇಕಾದ ಲೆಕ್ಕ

ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳಿಗೆ 2025ರ ಆಗಸ್ಟ್‌ನಲ್ಲಿ ಬಂದ ಕೇಂದ್ರದ ಕಾಯ್ದೆ ಬಾಗಿಲು ಹಾಕಿತು. ಐಪಿಎಲ್ ಬಂದರೆ ಫೋನ್‌ನಲ್ಲಿ ತಂಡ ಕಟ್ಟಿ ಐವತ್ತು, ನೂರು ಹಾಕುತ್ತಿದ್ದ ನಮ್ಮ ಬಳ್ಳಾರಿ ಹುಡುಗರಲ್ಲಿ ಕೆಲವರು ಈಗ ಷೇರುಪೇಟೆಯ ನಿಫ್ಟಿ ಸೂಚ್ಯಂಕದ ಆಪ್ಷನ್ ಕೊಳ್ಳುತ್ತಿದ್ದಾರೆ. ಆಪ್ಷನ್ ಅಂದರೆ ನಿಗದಿತ ದಿನದೊಳಗೆ ನಿಫ್ಟಿ ಏರುತ್ತದೋ ಇಳಿಯುತ್ತದೋ ಅನ್ನುವುದರ ಮೇಲೆ ದುಡ್ಡು ಹಾಕುವ ಒಪ್ಪಂದ. ಪಂದ್ಯ ಸಂಜೆ, ಇದು ಬೆಳಗ್ಗೆ 9.15ರಿಂದ ಮಧ್ಯಾಹ್ನ 3.30ರವರೆಗೆ. ಅಷ್ಟೇ ವ್ಯತ್ಯಾಸ ಅಂದುಕೊಂಡವರೇ ಜಾಸ್ತಿ.

ಮೊದಲು ಒಂದು ಅಂಕಿ ನೋಡಿ. 2021-22ರಿಂದ 2023-24ರವರೆಗಿನ ಮೂರು ವರ್ಷ ಫ್ಯೂಚರ್ಸ್ ಮತ್ತು ಆಪ್ಷನ್ಸ್‌ನಲ್ಲಿ ವ್ಯವಹರಿಸಿದ ಸಾಮಾನ್ಯ ಜನರಲ್ಲಿ 100ಕ್ಕೆ 93 ಮಂದಿ ಕಳೆದುಕೊಂಡಿದ್ದಾರೆ ಎಂದು ಷೇರುಪೇಟೆ ನಿಯಂತ್ರಕ ಸೆಬಿಯೇ ಲೆಕ್ಕ ಕೊಟ್ಟಿದೆ. ಎಲ್ಲರ ನಷ್ಟ ಸೇರಿಸಿದರೆ ₹1.8 ಲಕ್ಷ ಕೋಟಿ ದಾಟುತ್ತದೆ. 2024-25ರಲ್ಲೂ ಸೋತವರು 100ಕ್ಕೆ 91. ಇಷ್ಟು ತಿಳಿದ ಮೇಲೂ ಒಂದು ಕೈ ನೋಡೋಣ ಅನ್ನುವವರು ಮುಂದೆ ಓದಿ.

ಖಾತೆ

ಬ್ರೋಕರ್ ಬಳಿ ಡಿಮ್ಯಾಟ್, ಟ್ರೇಡಿಂಗ್ ಖಾತೆ ಇದ್ದರೆ ಟ್ರೇಡಿಂಗ್ ಖಾತೆಯಲ್ಲೇ ಎಫ್ ಅಂಡ್ ಓ (ಫ್ಯೂಚರ್ಸ್ ಮತ್ತು ಆಪ್ಷನ್ಸ್) ವಿಭಾಗ ತೆರೆಯಲು ಕೇಳಿ. ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಅಥವಾ ಆದಾಯ ತೆರಿಗೆ ರಿಟರ್ನ್ ಕೊಟ್ಟರೆ ಸಾಕು. ಮುಗಿಯಿತು.

ಕಾಲ್, ಪುಟ್

ನಿಫ್ಟಿ ಏರುತ್ತದೆ ಅನ್ನಿಸಿದರೆ ಕಾಲ್ ಕೊಳ್ಳುತ್ತಾರೆ, ಇಳಿಯುತ್ತದೆ ಅನ್ನಿಸಿದರೆ ಪುಟ್. ಆ್ಯಪ್‌ನಲ್ಲಿ ಇವು ಸಿಇ, ಪಿಇ ಅಂತ ಕಾಣುತ್ತವೆ. ಕೊಳ್ಳಲು ಕೊಡುವ ಬೆಲೆಯೇ ಪ್ರೀಮಿಯಂ. ಕೊಂಡವರು ಕಳೆದುಕೊಳ್ಳುವುದು ಹೆಚ್ಚೆಂದರೆ ಆ ಪ್ರೀಮಿಯಂ ಮತ್ತು ಖರ್ಚು.

ಕೊಂಡದ್ದನ್ನು ಮಾರುವುದಲ್ಲ, ಕೊಳ್ಳದೆ ಮೊದಲೇ ಆಪ್ಷನ್ ಮಾರುವವರ ಕಥೆ ಬೇರೆ. ಅವರಿಗೆ ಬರುವುದು ಪ್ರೀಮಿಯಂ ಮಾತ್ರ, ಹೋಗುವುದಕ್ಕೆ ಲಂಗುಲಗಾಮಿಲ್ಲ. 2024ರ ಜೂನ್ 3ರಂದು ಎಕ್ಸಿಟ್ ಪೋಲ್ ನಂಬಿ ನಿಫ್ಟಿ 3%ಗಿಂತ ಹೆಚ್ಚು ಜಿಗಿಯಿತು. ಮರುದಿನ ಮತ ಎಣಿಕೆ. ಒಂದೇ ದಿನದಲ್ಲಿ 6%ರ ಹತ್ತಿರ ಕುಸಿಯಿತು. ಹಿಂದಿನ ದಿನ ಧೈರ್ಯವಾಗಿ ಪುಟ್ ಮಾರಿ ಮಲಗಿದವರ ಗತಿ ಏನಾಗಿರಬೇಡ! ಹೊಸಬರು ಆಪ್ಷನ್ ಮಾರಲೇಬಾರದು. ‘ತಿಂಗಳು ತಿಂಗಳು ಬಾಡಿಗೆ ಬಂದ ಹಾಗೆ ಬರುತ್ತೆ’ ಅಂತ ಯಾರಾದರೂ ಪುಸಲಾಯಿಸಿದರೆ ಚಹಾ ಕುಡಿದು ಎದ್ದು ಬನ್ನಿ.

ಸ್ಟ್ರೈಕ್, ಪ್ರೀಮಿಯಂ, ಉಳಿದ ದಿನ: ಎಲ್ಲರೂ ಎಡವುವುದು ಇಲ್ಲೇ

ಕೌಲ್ ಬಜಾರ್‌ನಲ್ಲಿ ಒಗ್ಗರಣೆ ಮಿರ್ಚಿ ಗಾಡಿ ಮುಂದೆ, ಒಂದು ಮಂಗಳವಾರ ಮಧ್ಯಾಹ್ನ, ಜೀನ್ಸ್ ಹೊಲಿಯುವ ಹುಡುಗನೊಬ್ಬ ಫೋನ್ ಹಿಡಿದು ನಿಂತಿದ್ದ. ಎಣ್ಣೆ ಹತ್ತಿದ ಹೆಬ್ಬೆರಳಲ್ಲಿ ಸ್ಕ್ರೀನ್ ಎಳೆದೆಳೆದು ನೋಡುತ್ತಿದ್ದ. ಕೊನೆಗೆ ನನ್ನ ಮುಂದೆ ಹಿಡಿದ: ‘ಅಣ್ಣಾ, ನಿಫ್ಟಿ ಮ್ಯಾಲೇ ಹೋಗೈತೆ. ನನ್ ರೊಕ್ಕ ಯಾಕೆ ಕೆಳಗೆ ಬಂತು?’

ಅವನ ಪ್ರಶ್ನೆಗೆ ಉತ್ತರ ಗೊತ್ತಿಲ್ಲದೆ ಯಾರೂ ಒಂದು ಲಾಟ್ ಕೂಡ ಕೊಳ್ಳಬಾರದು. ಕಾಗದ, ಪೆನ್ನು ತೆಗೆದುಕೊಳ್ಳಿ.

ನಿಫ್ಟಿ 25,000ದಲ್ಲಿದೆ ಎಂದಿಟ್ಟುಕೊಳ್ಳಿ. ನೀವು 25,200ರ ಕಾಲ್ ಕೊಂಡಿರಿ. ಆ 25,200 ಅನ್ನುವುದೇ ಸ್ಟ್ರೈಕ್: ನಿಫ್ಟಿ ಅದನ್ನು ಎಷ್ಟು ಅಂಕ ದಾಟುತ್ತದೋ ಕೊನೆಗೆ ಅಷ್ಟು ರೂಪಾಯಿ ಸಿಗುತ್ತದೆ. ಪ್ರೀಮಿಯಂ 80 ರೂಪಾಯಿ. ಬಿಡಿಬಿಡಿಯಾಗಿ ಸಿಗುವುದಿಲ್ಲ, ಲಾಟ್ ಪೂರ್ತಿ ಕೊಳ್ಳಬೇಕು. ಲಾಟ್ ಗಾತ್ರವನ್ನು ಎಕ್ಸ್‌ಚೇಂಜ್ ಬದಲಿಸುತ್ತಿರುತ್ತದೆ. 2024 ಒಂದರಲ್ಲೇ ಅದು 50ರಿಂದ 25ಕ್ಕೆ ಇಳಿದು, ಮತ್ತೆ 75ಕ್ಕೆ ಏರಿತು. ಕೊಳ್ಳುವ ದಿನ ಎಷ್ಟಿದೆ ಅಂತ ಆ್ಯಪ್‌ನಲ್ಲೇ ನೋಡಿಕೊಳ್ಳಿ. ಇಲ್ಲಿ ಲೆಕ್ಕಕ್ಕೆ 75 ಇರಲಿ. 80ನ್ನು 75ರಿಂದ ಗುಣಿಸಿದರೆ ₹6,000. ಇದು ನಿಮ್ಮ ಜೇಬಿನಿಂದ ಹೋಯಿತು.

ಈಗ ಸ್ಟ್ರೈಕ್‌ಗೆ ಪ್ರೀಮಿಯಂ ಕೂಡಿಸಿ: 25,280. ಎಕ್ಸ್‌ಪೈರಿವರೆಗೆ, ಅಂದರೆ ಆಪ್ಷನ್ ಅವಧಿ ಮುಗಿಯುವ ದಿನದವರೆಗೆ ಇಟ್ಟುಕೊಂಡರೆ, ಅವತ್ತು ನಿಫ್ಟಿ ಇದನ್ನು ದಾಟಿ ನಿಂತರೆ ಮಾತ್ರ ನಿಮಗೆ ಲಾಭ. ಈ ಸಂಖ್ಯೆಯನ್ನು ದೊಡ್ಡದಾಗಿ ಬರೆದುಕೊಳ್ಳಿ.

ನಿಫ್ಟಿ 190 ಅಂಕ ಏರಿ 25,190ಕ್ಕೆ ನಿಂತಿತು ಅನ್ನಿ. ಟಿವಿಯಲ್ಲಿ ಹಬ್ಬ, ನಿಮಗೆ ಸೊನ್ನೆ. ಆರು ಸಾವಿರವೂ ಹೋಯಿತು. 25,240ಕ್ಕೆ ನಿಂತರೆ 40 ರೂಪಾಯಿಯಂತೆ ₹3,000 ವಾಪಸ್, ಅರ್ಧ ನಷ್ಟ. 25,400 ಮುಟ್ಟಿದರೆ 200ರಲ್ಲಿ 80 ಕಳೆದು 120, ಅಂದರೆ ₹9,000 ಲಾಭ. ಇದರಲ್ಲಿ ಬ್ರೋಕರೇಜ್, ತೆರಿಗೆ ಇನ್ನೂ ಕಳೆದಿಲ್ಲ.

ಕ್ರಿಕೆಟ್ ನೋಡುವವರಿಗೆ ಇದು ಬೇಗ ಹತ್ತಬೇಕು. ನೀವು ಚೇಸ್ ಮಾಡುವ ತಂಡ. 25,280 ನಿಮ್ಮ ಟಾರ್ಗೆಟ್, ಉಳಿದ ದಿನಗಳೇ ಓವರ್‌ಗಳು. ರನ್ ಬರುತ್ತಿದ್ದರೆ ಸಾಲದು, ಬೇಕಾದ ರನ್‌ರೇಟ್‌ನಲ್ಲಿ ಬರಬೇಕು. ದಿನವೆಲ್ಲ ನಿಫ್ಟಿ ಅಲ್ಲಾಡದೆ ನಿಂತರೂ ಪ್ರೀಮಿಯಂ ಕರಗುತ್ತದೆ, ಏಕೆಂದರೆ ಅವತ್ತಿನ ಓವರ್‌ಗಳು ಡಾಟ್ ಆಗಿ ಹೋದವು. ಎಕ್ಸ್‌ಪೈರಿ ಹತ್ತಿರ ಬಂದಷ್ಟೂ ಇನ್ನೂ ಬೇಗ ಕರಗುತ್ತದೆ. ನಿಫ್ಟಿಯ ವಾರದ ಎಕ್ಸ್‌ಪೈರಿ 2025ರ ಸೆಪ್ಟೆಂಬರ್‌ನಿಂದ ಮಂಗಳವಾರಕ್ಕೆ ಬಂದಿದೆ. ಮಿರ್ಚಿ ಗಾಡಿ ಮುಂದಿದ್ದ ಹುಡುಗನ ಕೈಯಲ್ಲಿ ಉಳಿದಿದ್ದದ್ದು ಕೊನೆಯ ಓವರ್ ಮಾತ್ರ.

‘ಐದೇ ರೂಪಾಯಿಗೆ ಸಿಗ್ತಿದೆ ಅಣ್ಣ, ಸುಮ್ನೆ ನಾಲ್ಕು ಲಾಟ್ ಹಾಕ್ತೀನಿ’ ಅನ್ನುವುದು ಇನ್ನೊಂದು ರೋಗ. ದೂರದ ಸ್ಟ್ರೈಕ್ ಅಗ್ಗಕ್ಕೆ ಸಿಗುವುದು ಅದು ಮುಟ್ಟುವ ಸಾಧ್ಯತೆ ತೀರಾ ಕಡಿಮೆ ಇರುವುದಕ್ಕೇ. ನನ್ನ ಮಾತು ಕೇಳುವುದಾದರೆ ನಿಫ್ಟಿ ಈಗ ಇರುವ ಮಟ್ಟಕ್ಕೆ ಹತ್ತಿರದ ಸ್ಟ್ರೈಕ್ ಕೊಳ್ಳಿ, ಎಕ್ಸ್‌ಪೈರಿಗೆ ಎರಡು-ಮೂರು ವಾರವಾದರೂ ಇರಲಿ. ಪ್ರೀಮಿಯಂ ಜಾಸ್ತಿ ಬೀಳುತ್ತದೆ. ಅಷ್ಟು ಕೊಡಲು ಆಗದಿದ್ದರೆ ಕೊಳ್ಳಬೇಡಿ. ಎಕ್ಸ್‌ಪೈರಿ ದಿನವಂತೂ ಆ್ಯಪ್ ತೆರೆಯಲೇಬೇಡಿ.

ಇನ್ನೊಂದು ಒಳಸುಳಿ ಇದೆ. ಬಜೆಟ್, ಚುನಾವಣಾ ಫಲಿತಾಂಶದಂಥ ದಿನಗಳ ಮುಂಚೆ ಏನಾಗುತ್ತದೋ ಅನ್ನುವ ಆತಂಕಕ್ಕೇ ಪ್ರೀಮಿಯಂ ಉಬ್ಬಿರುತ್ತದೆ. ಸುದ್ದಿ ಹೊರಬಿದ್ದ ತಕ್ಷಣ ಆ ಉಬ್ಬು ಇಳಿಯುತ್ತದೆ. ನಿಮ್ಮ ಊಹೆ ಸರಿಯಿದ್ದು, ನಿಫ್ಟಿ ನೀವಂದ ಕಡೆಗೇ ಸ್ವಲ್ಪ ಹೋದರೂ ಕಾಲ್ ಬೆಲೆ ಬಿದ್ದಿರಬಹುದು. ಇಂಡಿಯಾ ವಿಕ್ಸ್ ಅನ್ನುವ ಸೂಚ್ಯಂಕ ಈ ಆತಂಕವನ್ನು ಅಳೆಯುತ್ತದೆ. ಅದು ಮಾಮೂಲಿಗಿಂತ ತುಂಬಾ ಏರಿದ್ದರೆ ಕೈ ಕಟ್ಟಿ ಕೂರುವುದೇ ಲೇಸು.

ಆರ್ಡರ್

ಯಾವಾಗಲೂ ಬೆಲೆ ನೀವೇ ಹೇಳುವ ಲಿಮಿಟ್ ಆರ್ಡರ್ ಹಾಕಿ. ಕೊಳ್ಳುವವರು 4.20 ಅಂತಿರುತ್ತಾರೆ, ಮಾರುವವರು 5.60 ಅಂತಿರುತ್ತಾರೆ. ಬೆಲೆ ಹೇಳದೆ ಮಾರ್ಕೆಟ್ ಆರ್ಡರ್ ಒತ್ತಿದರೆ 5.60ಕ್ಕೆ ಕೊಂಡು, ಆ ಕ್ಷಣವೇ ಮಾರಿದರೂ 4.20 ಸಿಗುತ್ತದೆ. ನಿಫ್ಟಿ ಅಲ್ಲಾಡುವ ಮೊದಲೇ ಕಾಲು ಭಾಗ ಹೋಯಿತಲ್ಲ! ಆರ್ಡರ್ ಬಿದ್ದ ತಕ್ಷಣ ಎಲ್ಲಿ ಹೊರಬರುತ್ತೀರಿ ಅನ್ನುವ ಬೆಲೆಯನ್ನೂ ಅದೇ ಕಾಗದದಲ್ಲಿ ಬರೆದು, ಆ ಬೆಲೆಗೆ ಇಳಿದರೆ ತಾನೇ ಮಾರಲು ಹೋಗುವ ಸ್ಟಾಪ್‌ಲಾಸ್ ಆರ್ಡರ್ ಹಾಕಿ.

ಅಭಿಮಾನಿಗಳಿಗೆ ಕಷ್ಟ ಆಗುವುದು ಈ ಹೊರಬರುವ ಕೆಲಸವೇ. ಆರ್‌ಸಿಬಿಗಾಗಿ 2008ರಿಂದ ಕಾದವರಿಗೆ 2025ರಲ್ಲಿ ಕಪ್ ಸಿಕ್ಕಿತು. ಆಪ್ಷನ್‌ಗೆ ಮುಂದಿನ ಸೀಸನ್ ಇಲ್ಲ. 80ಕ್ಕೆ ಕೊಂಡದ್ದು 40ಕ್ಕೆ ಬಂತು ಅಂತ ಇನ್ನೊಂದು ಲಾಟ್ ಕೊಂಡು ‘ಸರಾಸರಿ’ ಮಾಡಬೇಡಿ. ಷೇರಿನಲ್ಲಿ ವರ್ಷಗಟ್ಟಲೆ ಕಾಯಬಹುದು, ಇದರಲ್ಲಿ ಮಂಗಳವಾರದವರೆಗೆ ಮಾತ್ರ.

ಪರಿಚಯದ ಕಂಪನಿ ಅನ್ನುವ ಸಲಿಗೆ

ತೋರಣಗಲ್ಲು, ಸಂಡೂರು ಕಡೆಯವರಿಗೆ ಜೆಎಸ್‌ಡಬ್ಲ್ಯು ಸ್ಟೀಲ್, ಎನ್‌ಎಂಡಿಸಿ ಅಂದರೆ ಮನೆ ಮುಂದಿನ ಹೆಸರು. ಲಾರಿ ಓಡಾಟ ನೋಡಿ ಷೇರು ಏರುತ್ತದೋ ಇಳಿಯುತ್ತದೋ ಹೇಳುವವರೂ ಇದ್ದಾರೆ! ಆದರೆ ಷೇರಿನ ಆಪ್ಷನ್‌ಗೆ ಇನ್ನೊಂದು ನಿಯಮ ಇದೆ. ನಿಫ್ಟಿಯಲ್ಲಿ ಹಣದ ಲೆಕ್ಕ ಅಷ್ಟೇ. ಷೇರಿನ ಕಾಲ್ ಲಾಭದಲ್ಲಿದ್ದು, ಎಕ್ಸ್‌ಪೈರಿವರೆಗೆ ಮಾರದೆ ಇಟ್ಟುಕೊಂಡರೆ, ಲಾಟ್‌ನಷ್ಟು ಷೇರುಗಳನ್ನು ಪೂರ್ತಿ ದುಡ್ಡು ಕೊಟ್ಟು ತೆಗೆದುಕೊಳ್ಳಬೇಕು. ಹತ್ತು ಸಾವಿರದ ಆಟ ಅಂದುಕೊಂಡವರ ಮುಂದೆ ಹಲವು ಲಕ್ಷದ ಬಿಲ್ ಬರುತ್ತದೆ. ಎಕ್ಸ್‌ಪೈರಿಗೆ ಒಂದು ವಾರ ಇರುವಾಗಲೇ ಮಾರಿ ಹೊರಬನ್ನಿ.

ಟಿಪ್ಸ್ ಮತ್ತು ತೆರಿಗೆ

ಟೆಲಿಗ್ರಾಮ್ ಗುಂಪುಗಳ ಲಾಭದ ಸ್ಕ್ರೀನ್‌ಶಾಟ್ ನಂಬಬೇಡಿ. ಅವನ್ನು ಮಾಡಲು ಬೇಕಾದ್ದು ಎರಡು ನಿಮಿಷ. ಸಲಹೆಗೆ ದುಡ್ಡು ಕೇಳುವವರ ಸೆಬಿ ನೋಂದಣಿ ಸಂಖ್ಯೆ ಕೇಳಿ, ಅದನ್ನು ಸೆಬಿ ವೆಬ್‌ಸೈಟ್‌ನಲ್ಲಿ ನೀವೇ ಹಾಕಿ ನೋಡಿ. ಖಾತೆಯ ಪಾಸ್‌ವರ್ಡ್ ಕೊಡಿ, ನಾವೇ ಮಾಡಿಕೊಡ್ತೀವಿ ಅನ್ನುವವರ ನಂಬರ್ ಬ್ಲಾಕ್ ಮಾಡಿ.

ತೆರಿಗೆ ಲೆಕ್ಕದಲ್ಲಿ ಆಪ್ಷನ್ ಲಾಭ-ನಷ್ಟ ವ್ಯಾಪಾರದ ಆದಾಯಕ್ಕೆ ಸೇರುತ್ತದೆ. ಸಂಬಳದವರು ಮಾಮೂಲಿ ತುಂಬುವ ಐಟಿಆರ್-1 ನಡೆಯುವುದಿಲ್ಲ, ಐಟಿಆರ್-3 ಬೇಕು. ನಷ್ಟ ಆಗಿದ್ದರೂ ಗಡುವಿನೊಳಗೆ ತುಂಬಿ. ಆ ನಷ್ಟವನ್ನು ಮುಂದಿನ 8 ವರ್ಷದವರೆಗೆ ವ್ಯಾಪಾರದ ಲಾಭದಲ್ಲಿ ಕಳೆದುಕೊಳ್ಳಬಹುದು. ಏಪ್ರಿಲ್‌ನಲ್ಲೇ ಬ್ರೋಕರ್ ಆ್ಯಪ್‌ನಿಂದ ಇಡೀ ವರ್ಷದ ಲಾಭ-ನಷ್ಟದ ಪಟ್ಟಿ ಇಳಿಸಿಕೊಂಡು ಆಡಿಟರ್ ಕೈಗೆ ಕೊಡಿ. ಗಡುವು ಹತ್ತಿರ ಬಂದಾಗ ಅವರು ಫೋನ್ ಎತ್ತುವುದಿಲ್ಲ.