ಎಂಟು ಗಂಟೆ ಶಿಫ್ಟಲ್ಲಿ ಮಶೀನ್ ಓಡಿದ್ದು ಮೂರೇ ಗಂಟೆ: ಅಳೆದು ಸರಿ ಮಾಡ್ಕೊಂಡ ನನ್ನ ಅನುಭವ

ಬೆಂಗಳೂರಿನ ಪೀಣ್ಯ ಎರಡನೇ ಹಂತದಲ್ಲಿ ನಂದೊಂದು ಸಣ್ಣ ಜಾಬ್ ವರ್ಕ್ ಶೆಡ್ಡು, ಬೇರೆ ಕಂಪನಿಗಳ ಡ್ರಾಯಿಂಗ್ ಪ್ರಕಾರ ಲೋಹದ ಪೀಸ್ ಮಾಡಿಕೊಡೋದು. ಮೂರು ವಿಎಂಸಿ (ಕಂಪ್ಯೂಟರ್ ಕಂಟ್ರೋಲಿನ ಮಿಲ್ಲಿಂಗ್ ಮಶೀನು), ಎರಡು ಸಿಎನ್‌ಸಿ ಟರ್ನಿಂಗು (ಅದೇ ಥರದ ಲೇತು), ಆಪರೇಟರ್, ಮಶೀನ್ ಹೊಂದಿಸೋ ಸೆಟ್ಟರ್, ಪೀಸ್ ಅಳೆದು ನೋಡೋ ಕ್ಯೂಸಿ, ಹೆಲ್ಪರ್ ಎಲ್ಲಾ ಸೇರಿ ಹನ್ನೆರಡು ಹದಿಮೂರು ಜನ. ಎರಡು ವರ್ಷದ ಕೆಳಗೆ ಆರನೇ ಮಶೀನಿಗೆ ಲೋನ್ ಪೇಪರ್ ಎಲ್ಲಾ ರೆಡಿ ಇತ್ತು, 30 ಲಕ್ಷದ ಹತ್ರ, ಇಎಂಐ 65 ಸಾವಿರ ಚಿಲ್ಲರೆ. ತಗೊಳ್ಳಲಿಲ್ಲ. ಇರೋ ಐದರಲ್ಲೇ ಈಗ ಆಗಿನ ಒಂದೂವರೆ ಪಟ್ಟು ಕೆಲಸ ಹೊರಗೆ ಹೋಗ್ತಿದೆ, ಶಿಫ್ಟ್ ಟೈಮ್ ಒಂದು ನಿಮಿಷ ಎಳೆದಿಲ್ಲ, ಓಟಿ ಕಮ್ಮಿನೇ ಆಗಿದೆ. ಇದನ್ನ ಹೇಳಿದಾಗ ಅಕ್ಕಪಕ್ಕದ ಶೆಡ್ಡಿನವರು ನಕ್ಕಿದ್ರು, ಈಗ ಅವರಲ್ಲೇ ಒಬ್ರು ಬಂದು ನಾವು ಮಶೀನ್ ಓಡಿದ್ದು ನಿಂತಿದ್ದು ಬರೆಯೋ ಶೀಟಿನ ಫೋಟೋ ಹೊಡ್ಕೊಂಡು ಹೋಗಿದಾರೆ, ಅದಕ್ಕೇ ಬರೆದು ಹಾಕೋಣ ಅನ್ನಿಸ್ತು.

ಎಷ್ಟು ಗಂಟೆ ದುಡಿಸ್ಬೇಕು ಅನ್ನೋ ಚರ್ಚೆ ಬೇಕಾದಷ್ಟು ಆಗಿದೆ. 2023ರಲ್ಲಿ ನಾರಾಯಣ ಮೂರ್ತಿಯವರು ವಾರಕ್ಕೆ 70 ಗಂಟೆ ಅಂದ್ರು, ಅದೇ ವರ್ಷ ನಮ್ಮ ರಾಜ್ಯದಲ್ಲಿ ಫ್ಯಾಕ್ಟರೀಸ್ ಆಕ್ಟ್ ತಿದ್ದುಪಡಿ ಮಾಡಿ ವಾರಕ್ಕೆ 48 ದಾಟದ ಹಾಗೆ ದಿನಕ್ಕೆ 12 ಗಂಟೆವರೆಗೂ ಬಿಟ್ರು. ನನ್ನ ತಲೆನೋವು ಅದಲ್ಲ. ಇರೋ 8 ಗಂಟೆಯಲ್ಲಿ ಟೂಲ್ ಲೋಹ ಕತ್ತರಿಸಿ ಚಿಪ್ಸ್ ಬೀಳ್ತಿರೋದು ಎಷ್ಟು ಹೊತ್ತು? ಕಸ್ಟಮರ್ ದುಡ್ಡು ಕೊಡೋದು ಅದಕ್ಕೆ ಮಾತ್ರ ತಾನೇ. ಕೇಳಿದವರೆಲ್ಲ "ನಮ್ಮಲ್ಲಿ 70-75 ಪರ್ಸೆಂಟ್ ಇರುತ್ತೆ ಬಿಡಿ" ಅಂತಾರೆ, ನಾನೂ ಕೊಟೇಶನ್ ಹಾಕೋವಾಗ ಅದೇ ಲೆಕ್ಕ ಹಿಡಿತಿದ್ದೆ.

ಮೊದಲು ಎಲ್ಲರ ಹಾಗೆ ಸಿಸಿಟಿವಿ. 60 ಸಾವಿರ ಹತ್ರ ಬಿತ್ತು, ಕೂತು ನೋಡೋರು ಯಾರು? ಎರಡು ವಾರ ನಾನೇ ರಾತ್ರಿ ಊಟ ಆದ್ಮೇಲೆ ಫಾಸ್ಟ್ ಫಾರ್ವರ್ಡ್ ಮಾಡ್ಕೊಂಡು ನೋಡ್ದೆ, ಯಾರು ಮೊಬೈಲ್ ಹಿಡಿದಿದಾರೆ ಅಂತ ಗೊತ್ತಾಗೋದು, ಅಷ್ಟೇ. ಮಶೀನ್ ಮುಂದೆ ನಿಂತಿರೋನು ಆಫ್‌ಸೆಟ್ (ಟೂಲಿನ ಅಳತೆ) ಹಾಕ್ತಿದಾನಾ ಅಥವಾ ಮೆಟೀರಿಯಲ್ಲಿಗೆ ಕಾಯ್ತಿದಾನಾ ಅಂತ ಆ ಕ್ಯಾಮೆರಾದಲ್ಲಿ ಹೇಳೋಕಾಗಲ್ಲ. ಆಮೇಲೆ ಒಬ್ಬ ಕನ್ಸಲ್ಟೆಂಟ್ ಬಂದ್ರು, ಸ್ಟಾಪ್‌ವಾಚ್ ಹಿಡ್ಕೊಂಡು ಎರಡು ದಿನ ಪಕ್ಕದಲ್ಲೇ ನಿಂತ್ರು, ಆ ಎರಡು ದಿನ ನಮ್ಮ ಹುಡುಗರು ಮದುವೆ ಮನೇಲಿ ಬಡಿಸೋರ ಥರ ಓಡಾಡಿದ್ರು, ರಿಪೋರ್ಟಲ್ಲಿ 71 ಪರ್ಸೆಂಟ್ ಬಂತು, ನಾನು 25 ಸಾವಿರ ಕೊಟ್ಟೆ. ಪಕ್ಕದಲ್ಲಿ ನಿಂತ್ಕೊಂಡು ಅಳೆದ್ರೆ ಅಳತೆ ಬರೋದು ಪಕ್ಕದಲ್ಲಿ ನಿಂತಿದ್ದಕ್ಕೇ.

ಮೂರನೇದು ಮಶೀನ್ ನಡೆಸೋ ಫ್ಯಾನಕ್ ಕಂಪನಿ ಕಂಟ್ರೋಲಲ್ಲೇ ಇರೋ ಟೈಮರ್. ಸೆಟ್ಟಿಂಗ್ ಪೇಜಲ್ಲಿ ಪವರ್ ಆನ್, ಆಪರೇಟಿಂಗ್ ಟೈಮ್, ಕಟಿಂಗ್ ಟೈಮ್ ಅಂತ ಬರುತ್ತಲ್ಲ, ಎಷ್ಟೋ ಜನ ಮಾಲೀಕರು ಅದನ್ನ ತೆಗೆದೇ ನೋಡಿರಲ್ಲ. ಬಿಟ್ಟಿ ಡೇಟಾ ಅಂತ ಖುಷಿಯಾಗಿ ಕಟಿಂಗ್ ಅವರ್ ಮೇಲೆ ತಿಂಗಳಿಗೊಂದು ಇನ್ಸೆಂಟಿವ್ ಇಟ್ಟೆ. ಮೂರೇ ವಾರಕ್ಕೆ ಒಂದು ವಿಎಂಸಿಯಲ್ಲಿ ಕಟಿಂಗ್ ಟೈಮ್ ಸಖತ್ತಾಗಿ ಏರಿತು, ಪೀಸ್ ಮಾತ್ರ ಅಷ್ಟೇ. ಹೋಗಿ ನೋಡಿದ್ರೆ ಟೂಲ್ ಸಾಗೋ ವೇಗ ಬದಲಾಯಿಸೋ ಫೀಡ್ ಓವರ್‌ರೈಡ್ ನಾಬ್ 60 ಪರ್ಸೆಂಟಲ್ಲಿ ಕೂತಿದೆ. ನಮ್ಮ ಹಳೇ ಸೆಟ್ಟರ್ ಬಂದು, "ಸಾರ್, ಜಿ01 (ಕಟಿಂಗ್ ಚಲನೆಯ ಕೋಡು) ನಿಧಾನ ಹೋದಷ್ಟೂ ಮೀಟರ್ ಓಡುತ್ತೆ, ಗಾಳಿಯಲ್ಲಿ ಹೋದ್ರೂ ಓಡುತ್ತೆ, ಅದಕ್ಕೆ ಕಬ್ಬಿಣ ಇದೆಯೋ ಇಲ್ವೋ ಗೊತ್ತಾಗಲ್ಲ" ಅಂದ್ರು. ಸರಿಯಾಗೇ ಹೇಳಿದ್ರು. ಇನ್ಸೆಂಟಿವ್ ಆವತ್ತೇ ಕ್ಲೋಸ್, ಟೈಮರನ್ನ ಈಗ್ಲೂ ನೋಡ್ತೀನಿ ಆದ್ರೆ ಬರೀ ತಾಳೆ ನೋಡೋಕೆ.

ಅಷ್ಟಕ್ಕೂ ಸುಮ್ನಿರದೆ ಎಸ್‌ಪಿ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಯಿಂದ ಇಎಸ್‌ಪಿ32 ಅನ್ನೋ ಸಣ್ಣ ಕಂಟ್ರೋಲರ್ ಬೋರ್ಡು, ವೈರಲ್ಲಿ ಹರಿಯೋ ಕರೆಂಟ್ ಅಳೆಯೋ ಕ್ಲ್ಯಾಂಪ್ ಸೆನ್ಸರ್ರು ತಂದು, ಮಶೀನ್ ಓಡೋದು ನಿಲ್ಲೋದು ತೋರಿಸೋ ಹಾಗೆ ನನ್ನ ಮಗನ ಕೈಲಿ ಮಾಡಿಸ್ದೆ, ಒಂದು ಮಶೀನಿಗೆ ಸಾವಿರದ ಒಳಗೇ ಆಯ್ತು. ಮೇನ್ ಲೈನಿಗೆ ಹಾಕ್ಬೇಡಿ, ಕೂಲಂಟ್ ಪಂಪು ಹೈಡ್ರಾಲಿಕ್ಕು ಎಲ್ಲಾ ಸೇರಿ ಮಶೀನ್ ನಿಂತಿದ್ರೂ ಓಡ್ತಿರೋ ಥರ ತೋರಿಸುತ್ತೆ, ಟೂಲ್ ಇಲ್ಲಾ ಪೀಸ್ ತಿರುಗಿಸೋ ಸ್ಪಿಂಡಲ್ಲಿನ ಡ್ರೈವಿಗೆ ಹೋಗೋ ವೈರಿಗೆ ಹಾಕ್ಬೇಕು, ಪ್ಯಾನೆಲ್ ಗೊತ್ತಿರೋ ಎಲೆಕ್ಟ್ರಿಶಿಯನ್ ಕೈಲಿ. ಗ್ರಾಫ್ ಚೆನ್ನಾಗಿ ಬಂತು. ಆದ್ರೆ ಮಶೀನ್ ನಿಂತಿದೆ ಅಂತ ಹೇಳುತ್ತೇ ಹೊರತು ಯಾಕೆ ನಿಂತಿದೆ ಅಂತ ಹೇಳಲ್ಲ. ಬಿಐಇಸಿ ಎಕ್ಸಿಬಿಷನ್ ಸೆಂಟರಲ್ಲಿ ಇಮ್ಟೆಕ್ಸ್ ಮಶೀನ್ ಪ್ರದರ್ಶನಕ್ಕೆ ಹೋದಾಗ ಇದೇ ಕೆಲಸದ ಸಾಫ್ಟ್‌ವೇರ್ ತೋರಿಸಿದ್ರು, ಬಣ್ಣ ಬಣ್ಣದ ಸ್ಕ್ರೀನು, ತಿಂಗಳಿಗೆ ಮಶೀನ್ ಲೆಕ್ಕದಲ್ಲಿ ಬಾಡಿಗೆ. ಅದರಲ್ಲೂ ಕಾರಣ ಆಪರೇಟರೇ ಒತ್ತಬೇಕು, ಒತ್ತೋಕೆ ಬೇಜಾರಾದ್ರೆ ಎಲ್ಲಾದಕ್ಕೂ "ಇತರೆ".

ಕೊನೆಗೆ ಕೆಲಸಕ್ಕೆ ಬಂದಿದ್ದು ಹಳೇ ಕಾಲದ ವಿದ್ಯೆ. 1930ರ ದಶಕದಲ್ಲಿ ಇಂಗ್ಲೆಂಡಿನ ಹತ್ತಿ ಮಿಲ್ಲುಗಳಲ್ಲಿ ಟಿಪ್ಪೆಟ್ ಅನ್ನೋ ಸ್ಟ್ಯಾಟಿಸ್ಟಿಕ್ಸ್‌ನವರು ಮಾಡಿದ್ದು. ದಿನಪೂರ್ತಿ ನಿಂತು ನೋಡ್ಬೇಡ, ಯಾವ್ಯಾವುದೋ ಹೊತ್ತಲ್ಲಿ ಒಂದ್ಸಲ ಹಾದು ಹೋಗು, ಆ ಕ್ಷಣಕ್ಕೆ ಮಗ್ಗ ಓಡ್ತಿದೆಯಾ ನಿಂತಿದೆಯಾ ಬರ್ಕೋ, ಸಾಕು. ಡಿಪ್ಲೊಮಾದಲ್ಲಿ ವರ್ಕ್ ಸ್ಯಾಂಪ್ಲಿಂಗ್ ಅಂತ ಎಲ್ಲರೂ ಐದು ಮಾರ್ಕಿಗೆ ಬರೆದು ಮರೆತಿರೋದೇ. 400 ಸಲ ನೋಡಿದ್ರೆ 40 ಪರ್ಸೆಂಟ್ ಹತ್ರದ ಉತ್ತರ ಆಕಡೆ ಈಕಡೆ 5ರೊಳಗೆ ಸಿಗುತ್ತೆ, 1600 ಸಲ ನೋಡಿದ್ರೆ ಎರಡೂವರೆಯೊಳಗೆ. ನಮ್ಮದು ಐದು ಮಶೀನು, ದಿನಕ್ಕೆ ಇಪ್ಪತ್ತು ರೌಂಡು, ತಿಂಗಳಿಗೆ ಎರಡು ಸಾವಿರದ ಮೇಲೆ ಆಗೋಯ್ತು. ಕರೆಂಟ್ ಹೋದಾಗ ಐದೂ ಒಟ್ಟಿಗೆ ನಿಂತಿರ್ತವೆ, ಹಾಗಾಗಿ ಆ ಲೆಕ್ಕ ಪುಸ್ತಕದಲ್ಲಿ ಇರೋಷ್ಟು ಚೊಕ್ಕ ಅಲ್ಲ ಅಂತ ತಿಳಿದೋರು ಹೇಳ್ತೀರ, ಒಪ್ಪಿದೆ, ನನಗೆ ಬೇಕಿದ್ದಿದ್ದು 40ಓ 70ಓ ಅಂತ ಅಷ್ಟೇ.

ರೌಂಡ್ ಹೊಡಿಯೋನು ನಾನಲ್ಲ, ಸ್ಟೋರ್ಸ್ ಹೆಲ್ಪರ್. ಮಾಲೀಕ ಬಂದ್ರೆ ಎಲ್ಲಾ ಮಶೀನೂ ಓಡ್ತವೆ! ಅವನು ಹೇಗಿದ್ರೂ ಇನ್ಸರ್ಟು (ಟೂಲಿಗೆ ಹಾಕೋ ಕತ್ತರಿಸೋ ತುದಿ) ವೇಸ್ಟು ಅಂತ ಓಡಾಡ್ತಾನೇ ಇರ್ತಾನೆ, ಯಾರೂ ತಲೆ ಎತ್ತಿ ನೋಡಲ್ಲ. ದಿನಕ್ಕೆ 50 ರೂಪಾಯಿ ಎಕ್ಸ್‌ಟ್ರಾ. ಪ್ರತಿ ಮಶೀನಿನ ಮುಂದೆ ನೆಲದ ಮೇಲೆ ಒಂದು ಹಳದಿ ಗೆರೆ ಎಳೆಸ್ದೆ, ಗೆರೆ ದಾಟೋವಾಗ ಕಣ್ಣಿಗೆ ಮೊದಲು ಏನು ಬಿತ್ತೋ ಅದಕ್ಕೇ ಟಿಕ್, ನಿಂತು ಕಾಯೋ ಹಾಗಿಲ್ಲ, "ಈಗ ಶುರು ಮಾಡ್ತಾನೆ ಸಾರ್" ಅಂತ ಯೋಚನೆ ಮಾಡೋ ಹಾಗಿಲ್ಲ. ನಿಂತಿದ್ರೆ ಆಪರೇಟರನ್ನೇ ಕೇಳ್ಬೇಕು, ಯಾಕೆ ಅಂತ, ಅವನು ಏನು ಹೇಳಿದ್ರೂ ಅದೇ. ಶೀಟಲ್ಲಿ ಮಶೀನ್ ನಂಬರ್ ಇದೆ, ಆಪರೇಟರ್ ಹೆಸರಿನ ಕಾಲಮ್ಮೇ ಇಲ್ಲ. ಮೊದಲನೇ ವಾರ ಎಲ್ಲಾ ಮುಖ ಗಂಟು ಹಾಕ್ಕೊಂಡಿದ್ರು, ಸಂಬಳ ಕಟ್ ಮಾಡೋಕೆ ಅಂತ. ತುಂಬಿದ ಶೀಟ್ ದಿನಾ ಸಾಯಂಕಾಲ ನೋಟಿಸ್ ಬೋರ್ಡಿಗೆ ಹಚ್ಚಿದ್ಮೇಲೆ ತಣ್ಣಗಾದ್ರು. ರೌಂಡಿನ ಟೈಮ್ ಹೇಗೆ ಆರಿಸ್ತೀನಿ ಅಂತ ಮಾತ್ರ ಇಲ್ಲಿ ಹೇಳಲ್ಲ, ನಮ್ಮ ಹುಡುಗರೂ ಓದ್ತಾರೆ.

ನೆನಪಿಂದ ಹೇಳ್ತೀನಿ, ಮೊದಲ ತಿಂಗಳು ಕಟಿಂಗ್ 38 ಪರ್ಸೆಂಟ್. ಅಂದ್ರೆ 8 ಗಂಟೆಗೆ ಮೂರು ಗಂಟೆ. ಮುಂದಿನ ಜಾಬಿಗೆ ಮಶೀನ್ ಹೊಂದಿಸೋ ಸೆಟ್ಟಿಂಗು, ಡಯಲ್ ಗೇಜ್ ಹಿಡಿದು ನೇರ ಮಾಡೋದು, ಆಫ್‌ಸೆಟ್ಟು 18ರ ಹತ್ರ. ಲೋಡಿಂಗ್ ಅನ್‌ಲೋಡಿಂಗ್, ಬರ್ (ಅಂಚಲ್ಲಿ ಉಳಿಯೋ ಚೂಪು ಲೋಹ) ತೆಗೆಯೋದು 9. ಬ್ರೇಕ್‌ಡೌನು ಕರೆಂಟು 4. ಟೀ, ಬಾತ್‌ರೂಮು, ಹರಟೆ, ಮೊಬೈಲ್ ಎಲ್ಲಾ ಸೇರಿ 6. ಉಳಿದ 25 ಬರೀ ಕಾಯೋದು. ಮೆಟೀರಿಯಲ್ ಬಂದಿಲ್ಲ, ಡ್ರಾಯಿಂಗಲ್ಲಿ ಡೌಟು, ಆ ಸೈಜಿನ ಎಂಡ್‌ಮಿಲ್ ಟೂಲ್ ಇಲ್ಲ, ಬ್ಯಾಚಿನ ಫಸ್ಟ್ ಪೀಸ್ ಸರಿಯಿದೆಯಾ ಅಂತ ಅಳೆಯೋಕೆ ಕ್ಯೂಸಿಯಲ್ಲಿ ಕೂತಿದೆ. ಈ ನಾಲ್ಕರಲ್ಲಿ ಒಂದೂ ಆಪರೇಟರ್ ಕೈಲಿರೋದಲ್ಲ, ಎಲ್ಲಾ ಆಫೀಸ್ ಕಡೆಯದು. 60 ಸಾವಿರದ ಕ್ಯಾಮೆರಾ ಹಾಕಿದ್ದು ಆ 6 ಪರ್ಸೆಂಟಿಗೆ.

ನನ್ನ ಫ್ರೆಂಡ್ ಒಬ್ರು, ಅವರದ್ದೂ ಶೆಡ್ಡಿದೆ, ಒಪ್ಪಲೇ ಇಲ್ಲ. "ಕೇಳಿದ್ರೆ ಕಾಯ್ತಿದೀನಿ ಅಂತಾನೇ ಹೇಳೋದು ಅವರು, ನೀವು ನಂಬ್ತೀರಲ್ಲ ಮಾರಾಯ್ರೆ" ಅಂತ. ಹೋಗ್ಲಿ ಅಂತ ಒಂದು ವಾರ ಫಸ್ಟ್ ಪೀಸ್ ಇನ್‌ಸ್ಪೆಕ್ಷನ್ ರಿಜಿಸ್ಟರಲ್ಲಿ ಪೀಸ್ ಒಳಗೆ ಬಂದ ಟೈಮು ಹೊರಗೆ ಹೋದ ಟೈಮು ಬರೆಸ್ದೆ. ಐದು ನಿಮಿಷದ ಅಳತೆಗೆ ಪೀಸು ಟೇಬಲ್ ಮೇಲೆ ಮುಕ್ಕಾಲು ಗಂಟೆ, ಒಂದೊಂದ್ಸಲ ಗಂಟೆ ಮೇಲೆ ಕೂತಿರೋದು, ಯಾಕಂದ್ರೆ ಕ್ಯೂಸಿ ಹುಡುಗ ಡಿಸ್ಪ್ಯಾಚ್ ಬ್ಯಾಚ್ ಮುಗಿಸೋಕೆ ಹೋಗಿರ್ತಾನೆ, ಡಿಸ್ಪ್ಯಾಚ್ ಅರ್ಜೆಂಟ್ ಅಂತ ಅವನಿಗೆ ಹೇಳಿರೋದು ನಾನೇ. ರಿಜಿಸ್ಟರ್ ತೋರಿಸಿದ್ಮೇಲೆ ಫ್ರೆಂಡ್ ಮಾತು ಬದಲಾಯಿಸಿದ್ರು.

ಮಾಡಿದ್ದು ದೊಡ್ಡದೇನಲ್ಲ. ಫಸ್ಟ್ ಪೀಸ್ ಬಂದ್ರೆ ಕ್ಯೂಸಿ ಕೈಲಿರೋದೆಲ್ಲ ಕೆಳಗಿಟ್ಟು ಅದನ್ನೇ ಮೊದಲು ನೋಡ್ಬೇಕು, ಬ್ಯಾಚ್ ಲೇಟಾದ್ರೆ ಕಸ್ಟಮರ್ ಹತ್ರ ಬೈಸ್ಕೊಳ್ಳೋನು ನಾನು. ಅಳೆಯೋಕೆ ಸೆಕೆಂಡ್ ಹ್ಯಾಂಡ್ ಹೈಟ್ ಗೇಜು, ಸಣ್ಣ ಸರ್ಫೇಸ್ ಪ್ಲೇಟು ತಂದು ಮಶೀನ್‌ಗಳ ನಡುವೆನೇ ಟೇಬಲ್ ಹಾಕಿದ್ವಿ. ಆಮೇಲೆ ಟ್ರಾಲಿ. ಸ್ಕ್ರ್ಯಾಪ್ ಆಂಗಲ್ಲಲ್ಲಿ ವೆಲ್ಡ್ ಮಾಡಿಸಿದ್ದು, ಒಂದಕ್ಕೆ ಎರಡೂವರೆ ಮೂರು ಸಾವಿರ. ಈಗ ಓಡ್ತಿರೋ ಜಾಬ್ ಮುಗಿಯೋ ಮೊದಲೇ ಮುಂದಿನ ಜಾಬಿನ ಡ್ರಾಯಿಂಗು, ಮೆಟೀರಿಯಲ್ಲು, ಟೂಲು, ಪೀಸ್ ಹಿಡಿಯೋ ವೈಸಿನ ಜಾ, ಗೇಜು ಎಲ್ಲಾ ಟ್ರಾಲಿಯಲ್ಲಿ ಮಶೀನ್ ಪಕ್ಕ ನಿಂತಿರ್ಬೇಕು, ಒಂದು ಐಟಂ ಕಮ್ಮಿ ಇದ್ರೂ ಟ್ರಾಲಿ ಸ್ಟೋರ್ಸ್ ಬಿಟ್ಟು ಬರೋ ಹಾಗಿಲ್ಲ. ಸೆಟ್ಟಿಂಗ್ ಟೈಮ್ ಇಳಿಸೋದು ಹೇಗೆ ಅಂತ ಬರೆದ ಜಪಾನಿನ ಇಂಜಿನಿಯರ್ ಶಿಂಗೊ ಹೇಳಿದ್ದು ಇದೇ ಅಂತ ಗೊತ್ತು, ಜಪಾನ್ ಪುಸ್ತಕ ಎಲ್ಲರ ಕಪಾಟಲ್ಲೂ ಇದೆ, ಟ್ರಾಲಿ ಇರಲ್ಲ. ಯಾವ ಜಾಬ್ ಆದ್ಮೇಲೆ ಯಾವ ಜಾಬ್ ಅಂತ ಸಾಲು ಹಿಡಿಸೋಕೆ ನಂದೇ ಒಂದು ಪದ್ಧತಿ ಇದೆ, ಸೆಟ್ಟಿಂಗ್ 18ರಿಂದ 12ಕ್ಕೆ ಇಳಿದಿದ್ದು ಅದರಿಂದ್ಲೇ. ಅದು ನಮ್ಮ ಅನ್ನ, ಬಿಟ್ಕೊಡಲ್ಲ.

ನಡುವೆ ಬೇರೆ ಬೇರೆ ಆಟಾನೂ ಆಡಿದೀನಿ. ಟೀಯನ್ನ ಅವರವರ ಮಶೀನ್ ಹತ್ರಾನೇ ತರಿಸಿ ಕೊಟ್ಟೆ, ಹತ್ತು ನಿಮಿಷ ಉಳಿಯುತ್ತೆ ಅಂತ. ಟೀ ಬಂತು, ಕುಡಿಯೋರು ಎಲ್ಲಾ ಒಂದೇ ಮಶೀನ್ ಹತ್ರ ಸೇರಿದ್ರು, ಅಷ್ಟೇ ವ್ಯತ್ಯಾಸ, ಮೇಲಾಗಿ ಗ್ಲಾಸ್ ಚಿಪ್ ಟ್ರೇಯಲ್ಲಿ. ವಾಪಸ್ ಹೊರಗಿನ ಅಂಗಡಿಗೇ ಕಳಿಸ್ದೆ. ಒಂದ್ಸಲ ಹಾಕಿದ್ರೆ ತುಂಬಾ ಹೊತ್ತು ತಾನೇ ಓಡೋ ಜಾಬನ್ನ ಟೀ, ಊಟದ ಟೈಮಿಗೆ ಬರೋ ಹಾಗೆ ಹಾಕೋದು ಮಾತ್ರ ಕೆಲಸ ಮಾಡ್ತು, ಆದ್ರೆ ಆ ಹೊತ್ತಲ್ಲಿ ಒಬ್ಬ ಇರಲೇಬೇಕು, ಟೂಲ್ ಮುರಿದ್ರೆ ಫಿಕ್ಸ್ಚರ್ ಸಮೇತ ಹೋಗುತ್ತೆ.

ಇನ್ನೊಂದು, ನನ್ನ ಮೇಲೆ ನಾನೇ ಮಾಡಿದ್ದು. ಫೋನಲ್ಲಿ ಯಾವ್ಯಾವಾಗ್ಲೋ ಅಲಾರಂ ಬರೋ ಹಾಗೆ ಮಾಡಿ, ಬಡಿದಾಗ ಏನ್ ಮಾಡ್ತಿದ್ನೋ ಅದನ್ನ ಬರೆದೆ. ಹತ್ತು ಗಂಟೆ ಶೆಡ್ಡಲ್ಲಿ ಇರೋ ಮನುಷ್ಯ, ಪ್ರೋಗ್ರಾಮು, ಕೊಟೇಶನ್ನು, ಡ್ರಾಯಿಂಗ್ ನೋಡೋದು ಎಲ್ಲಾ ಸೇರಿ ಎರಡು ಗಂಟೆ. ಮಿಕ್ಕಿದ್ದು ವಾಟ್ಸಾಪು, "ಸಾರ್ ಚೆಕ್ ರೆಡಿ ಆಯ್ತಾ", ಜಿಎಸ್‌ಟಿ ಆಡಿಟರು, ಟೆಂಪೋದವನು. ಪೇಮೆಂಟ್ ಫಾಲೋಅಪ್ಪೇ ಹೆಚ್ಚುಕಮ್ಮಿ ಒಂದೂವರೆ ಗಂಟೆ ತಿನ್ನುತ್ತೆ. ನಂದು 20 ಪರ್ಸೆಂಟು, ಹುಡುಗರದ್ದು 38. ಈ ಶೀಟನ್ನೂ ಬೋರ್ಡಿಗೆ ಹಚ್ಚಿದ್ದೆ, ಎಲ್ಲರೂ ನಿಂತು ಓದಿದ್ದು ಅದೊಂದೇ. ಈಗ ಡ್ರಾಯಿಂಗ್ ಡೌಟೆಲ್ಲ ಬೆಳಗ್ಗೆ ಎಂಟೂವರೆಯಿಂದ ಒಂಬತ್ತೂವರೆ ಒಳಗೇ ಕ್ಲಿಯರ್ ಮಾಡ್ತೀನಿ, ಆ ಒಂದು ಗಂಟೆ ಫೋನ್ ಅಕೌಂಟ್ಸ್ ಹುಡುಗಿ ಹತ್ರ ಇರುತ್ತೆ.

ದುಡ್ಡಿನ ಲೆಕ್ಕ ಕೇಳೋರಿಗೆ: ಹತ್ತಿರ ಹತ್ತಿರ ಒಂದು ವರ್ಷದಲ್ಲಿ ಕಟಿಂಗ್ 57ಕ್ಕೆ ಬಂತು, ಕಾಯೋದು 25ರಿಂದ 11ರ ಹತ್ರ ಇಳಿತು. ಮಶೀನಿಗೆ ಒಂದೂವರೆ ಗಂಟೆ ಜಾಸ್ತಿ, ಐದಕ್ಕೆ ಏಳೂವರೆ ಗಂಟೆ, ವಿಎಂಸಿ ರೇಟು ಟರ್ನಿಂಗ್ ರೇಟು ಸರಾಸರಿ ಗಂಟೆಗೆ 400 ರೂಪಾಯಿ ಹಿಡಿದ್ರೆ ದಿನಕ್ಕೆ 3000, ತಿಂಗಳಿಗೆ 75 ಸಾವಿರ. ಇನ್ಸರ್ಟು ಕರೆಂಟು ಕಳೆದು ಕೈಗೆ 50 ಸಾವಿರ. ಖರ್ಚು ಟ್ರಾಲಿ, ಗೇಜು, ಟೇಬಲ್, ಪೇಂಟು ಎಲ್ಲಾ 40 ಸಾವಿರದ ಒಳಗೆ, ಮೇಲೆ ಹೆಲ್ಪರಿಗೆ ದಿನದ 50 ರೂಪಾಯಿ. ಕೈಲಿ ಆರ್ಡರ್ ಇದ್ದಿದ್ದಕ್ಕೆ ಈ ಲೆಕ್ಕ, ಆರ್ಡರ್ ಇಲ್ದಿದ್ರೆ ಬೇಗ ಮುಗಿಸಿ ಬೇಗ ಖಾಲಿ ಕೂರ್ತೀರ ಅಷ್ಟೇ. ದೀಪಾವಳಿಗೆ ಬೋನಸ್ ಎಲ್ಲರಿಗೂ ಸಮವಾಗಿ ಜಾಸ್ತಿ ಕೊಟ್ಟೆ, ನಂಬರ್ ನೋಡಿ ಕೊಡ್ಲಿಲ್ಲ. ಕೊಟ್ಟಿದ್ರೆ ಓವರ್‌ರೈಡ್ ನಾಬ್ ಕಥೆ ಮತ್ತೆ ಶುರು.

57ರಿಂದ ಮೇಲೆ ಹೋಗ್ತಿಲ್ಲ, ಆರು ತಿಂಗಳಿಂದ ಅಲ್ಲೇ ಇದೆ. ಉಳಿದ ಕಾಯೋದ್ರಲ್ಲಿ ಮುಕ್ಕಾಲು ಪಾಲು ಕಸ್ಟಮರ್ರೇ ಕೊಡೋ ಮೆಟೀರಿಯಲ್ಲು, ಹೀಟ್ ಟ್ರೀಟ್‌ಮೆಂಟಿಂದ ವಾಪಸ್ ಬರೋ ಪೀಸು, ಅದಕ್ಕೆ ನನ್ನ ಹತ್ರ ಇನ್ನೂ ಉಪಾಯ ಇಲ್ಲ. ತಿಂಗಳುಗಟ್ಟಲೆ ಒಂದೇ ಜಾಬ್ ಓಡಿಸೋ ಶೆಡ್ಡಿನವರಿಗೆ ಇದರಿಂದ ದೊಡ್ಡ ಲಾಭ ಸಿಗಲ್ಲ, ನಮ್ಮ ಥರ 20-50 ಪೀಸಿನ ಬ್ಯಾಚ್ ಮಾಡೋರು ಒಂದು ವಾರ ರೌಂಡ್ ಹೊಡೆಸಿ ನೋಡಿ. ಹೆಲ್ಪರನ್ನ ಆರಿಸೋವಾಗ ಮಾತು ಕಮ್ಮಿ ಇರೋನನ್ನ ಆರಿಸಿ.