ಪ್ರೈವೇಟ್ ಶಾಲೆಯ ಟೀಚರ್‌ಗಳೇ, ನಿಮ್ಮ ಸರ್ವಿಸ್ ಬುಕ್ ನೀವೇ ಮಾಡಿಕೊಳ್ಳಿ

ಕಲಬುರಗಿ, ಬೀದರ್, ಯಾದಗಿರಿ ಕಡೆ ಬಿ.ಎಡ್ ಮುಗಿಸಿದವರಿಗೆ ಮೊದಲು ಸಿಗುವ ಕೆಲಸ ಈಗ ಸರ್ಕಾರಿ ಶಾಲೆಯದಲ್ಲ. ಸರ್ಕಾರಿ ಶಾಲೆಯಲ್ಲಿ ಹುದ್ದೆ ನಿಲ್ಲುವುದು ಮಕ್ಕಳ ಲೆಕ್ಕದ ಮೇಲೆ. ಊರಿನ ಮಕ್ಕಳು ಪ್ರೈವೇಟ್ ಶಾಲೆಯ ಹಳದಿ ಬಸ್ಸು ಹತ್ತಿದಷ್ಟೂ ಅಲ್ಲಿನ ಶಿಕ್ಷಕರು ‘ಹೆಚ್ಚುವರಿ’ ಆಗುತ್ತಾರೆ, ಖಾಲಿ ಜಾಗಕ್ಕೆ ಅತಿಥಿ ಶಿಕ್ಷಕರು ಬರುತ್ತಾರೆ, ಉಳಿದವರು ಮ್ಯಾನೇಜ್‌ಮೆಂಟ್ ಶಾಲೆಗಳ ಬಾಗಿಲು ತಟ್ಟುತ್ತಾರೆ. 2022ರಲ್ಲಿ 6ರಿಂದ 8ನೇ ತರಗತಿಗೆ 15,000 ಹುದ್ದೆ ಕರೆದಾಗ 5,000 ನಮ್ಮ ಕಲ್ಯಾಣ ಕರ್ನಾಟಕಕ್ಕೇ ಇದ್ದವು. ಅಂಥ ಕರೆ ವರ್ಷಾ ವರ್ಷಾ ಬರಲ್ಲ ಅಲ್ವಾ? ಅಲ್ಲಿತನಕ ದುಡಿಯುವುದು ಪ್ರೈವೇಟಿನಲ್ಲೇ. ಅಲ್ಲಿ ನಿಮ್ಮ ಹೆಸರಿನ ಸರ್ವಿಸ್ ಬುಕ್, ಅಂದರೆ ಸೇವೆಯ ದಾಖಲೆ ಪುಸ್ತಕ, ಯಾರೂ ಬರೆಯಲ್ಲ, ನೀವೇ ಬರೆದುಕೊಳ್ಳಬೇಕು.

ಸೇರುವ ದಿನವೇ ಶುರು ಮಾಡಿ. ಅಪಾಯಿಂಟ್‌ಮೆಂಟ್ ಲೆಟರ್ ಕೇಳಿ, ಬಾಯಿಮಾತಿಗೆ ಒಪ್ಪಬೇಡಿ. ‘ಆಮೇಲೆ ಕೊಡ್ತೀವಿ ಮೇಡಂ’ ಅಂದರೆ ಸುಮ್ನೆ ಕೂರಬೇಡಿ, ಬೇರೆ ಪುರಾವೆ ಕೂಡಿಸುತ್ತಾ ಹೋಗಿ: ನಿಮ್ಮ ಹೆಸರಿರುವ ಟೈಮ್ ಟೇಬಲ್, ಹಾಜರಿ ಪುಸ್ತಕದ ಪುಟದ ಫೋಟೋ, ಹೆಡ್ ಮಾಸ್ತರರು ವಾಟ್ಸಾಪ್‌ನಲ್ಲಿ ಹಾಕುವ ಡ್ಯೂಟಿ ಪಟ್ಟಿ. ಪ್ರತಿ ಶಾಲೆಯೂ ತನ್ನ ಶಿಕ್ಷಕರ ವಿವರವನ್ನು ಯುಡೈಸ್ ಅನ್ನೋ ಸರ್ಕಾರದ ಆನ್‌ಲೈನ್ ದಾಖಲೆಯಲ್ಲಿ ತುಂಬಬೇಕು, ಅದರಲ್ಲಿ ನಿಮ್ಮ ಹೆಸರು ಇದೆಯಾ ಅಂತ ಆಫೀಸಿನಲ್ಲಿ ಕೇಳಿ ನೋಡಿ. ಒರಿಜಿನಲ್ ಮಾರ್ಕ್ಸ್ ಕಾರ್ಡ್ ಮಾತ್ರ ಯಾರ ಕೈಗೂ ಕೊಡಬೇಡಿ. ತೋರಿಸಿ, ಝೆರಾಕ್ಸ್ ಕೊಟ್ಟು ವಾಪಸ್ ತನ್ನಿ. ಕೆಲವು ಕಡೆ ಸೇರುವಾಗಲೇ ತಾರೀಖಿಲ್ಲದ ರಾಜೀನಾಮೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ. ಇದು ಎಲ್ಲಕ್ಕಿಂತ ಕೆಟ್ಟದ್ದು, ಹಾಕಬೇಡಿ. ಹಾಕಿಬಿಟ್ಟಿದ್ದರೆ, ಯಾವತ್ತು, ಯಾರು, ಹೇಗೆ ಹಾಕಿಸಿದರು ಅಂತ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಸ್ಪೀಡ್ ಪೋಸ್ಟಿನಲ್ಲಿ ಬರೆದು ರಸೀದಿ ಇಟ್ಟುಕೊಳ್ಳಿ.

ಪಗಾರದ ವಿಷಯದಲ್ಲೇ ಜಾಸ್ತಿ ಮೋಸ ನಡೆಯುವುದು. ರಿಜಿಸ್ಟರಿನಲ್ಲಿ 18,000 ಅಂತ ಇರುತ್ತದೆ, ಕೈಗೆ ಬರುವುದು 10,000. ಇಲ್ಲವೇ ಅಕೌಂಟಿಗೆ ಪೂರ್ತಿ ಹಾಕಿ, ಮರುದಿನ ಕ್ಲರ್ಕ್ ಹತ್ತಿರ 8,000 ಕ್ಯಾಶ್ ವಾಪಸ್ ಕೊಡಿ ಅನ್ನುತ್ತಾರೆ. ಕೆಲಸ ಬಿಟ್ಟರೆ ಮನೆ ನಡೆಯಲ್ಲ ಅನ್ನುವವರಿಗೆ ‘ಕೊಡಬೇಡಿ’ ಅಂತ ಹೇಳುವುದು ನನಗೆ ಸುಲಭ, ನಿಮಗೆ ಕಷ್ಟ. ಅದಕ್ಕೇ ಹೀಗೆ ಮಾಡಿ: ಪಗಾರ ಬ್ಯಾಂಕಿಗೇ ಬರಲಿ ಅಂತ ಹಟ ಹಿಡಿಯಿರಿ. ವಾಪಸ್ ಕೊಡಲೇಬೇಕಾಗಿ ಬಂದರೆ ಫೋನ್‌ಪೇ ಮಾಡಿ. ಕ್ಯಾಶೇ ಬೇಕು ಅಂದರೆ ಅವತ್ತೇ ಎಟಿಎಮ್ಮಿನಿಂದ ಅಷ್ಟೇ ದುಡ್ಡು ತೆಗೆದು, ಸ್ಲಿಪ್ಪಿನ ಹಿಂದೆ ಯಾರಿಗೆ ಕೊಟ್ಟಿರಿ ಅಂತ ಬರೆದಿಡಿ. ಸ್ಲಿಪ್ಪಿನ ಅಕ್ಷರ ಬೇಗ ಅಳಿಸಿಹೋಗುತ್ತದೆ, ಒಂದು ಫೋಟೋ ಹೊಡೆದುಕೊಳ್ಳಿ.

ಇನ್ನು ಪಿಎಫ್, ಅಂದರೆ ಭವಿಷ್ಯ ನಿಧಿ. ಶಾಲೆಯಲ್ಲಿ 20 ಜನ ಕೆಲಸಗಾರರಿದ್ದರೆ ಪಿಎಫ್ ಕಟ್ಟಲೇಬೇಕು. 20 ಅಂದರೆ ಟೀಚರ್‌ಗಳು ಅಷ್ಟೇ ಅಲ್ಲ. ಡ್ರೈವರ್, ಆಯಾ, ಕ್ಲರ್ಕ್, ವಾಚ್‌ಮನ್ ಎಲ್ಲರೂ ಲೆಕ್ಕಕ್ಕೆ ಬರುತ್ತಾರೆ. ಪಗಾರದ ಮೇಲೆ ನಿಮ್ಮದು ನೂರಕ್ಕೆ 12, ಮ್ಯಾನೇಜ್‌ಮೆಂಟಿನದು 12. ನಿಮ್ಮ ಪಗಾರದಲ್ಲಿ ಮುರಿದುಕೊಂಡು ಖಾತೆಗೆ ಹಾಕದೇ ಇರುವವರೂ ಇದ್ದಾರೆ, ಆದ್ದರಿಂದ ನಿಮ್ಮ ಪಿಎಫ್‌ನ ಕಾಯಂ ನಂಬರಾದ ಯುಎಎನ್ ಇಸಿದುಕೊಂಡು ಉಮಂಗ್ ಆ್ಯಪ್‌ನಲ್ಲಿ ಪಾಸ್‌ಬುಕ್ ನೋಡುತ್ತಿರಿ. ದುಡ್ಡು ಬಂದಿಲ್ಲದಿದ್ದರೆ ದೂರು ಕೊಡಲು ಬೀದರ್, ಯಾದಗಿರಿಯವರು ಕಲಬುರಗಿಯ ಪಿಎಫ್ ಆಫೀಸಿಗೇ ಓಡಬೇಕು ಅಂತಿಲ್ಲ. ಪ್ರತಿ ತಿಂಗಳು 27ಕ್ಕೆ ‘ನಿಧಿ ಆಪ್ಕೆ ನಿಕಟ್’ ಅಂತ ಜಿಲ್ಲೆಗಳಲ್ಲೇ ಶಿಬಿರ ಮಾಡುತ್ತಾರೆ.

ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ದುಡಿದ ವರ್ಷಗಳ ಲೆಕ್ಕದಲ್ಲಿ ಸಿಗುವ ಇಡುಗಂಟು, ಸರ್ಕಾರಿ ನೌಕರರಿಗೆ ಮಾತ್ರ ಅಂತ ತಿಳಿದವರು ಬಹಳ ಜನ. ಹಾಗಲ್ಲ. ಗ್ರಾಚ್ಯುಟಿ ಕಾಯ್ದೆಯ 2009ರ ತಿದ್ದುಪಡಿಯಲ್ಲಿ ಶಿಕ್ಷಕರನ್ನೂ ಸೇರಿಸಿ, 1997ರ ಏಪ್ರಿಲ್ 3ರಿಂದಲೇ ಅನ್ವಯ ಅಂದರು. ಖಾಸಗಿ ಶಾಲೆಗಳು ಇದರ ವಿರುದ್ಧ ಕೋರ್ಟಿಗೆ ಹೋದವು, ಸುಪ್ರೀಂ ಕೋರ್ಟ್ 2022ರ ಆಗಸ್ಟ್‌ನಲ್ಲಿ ತಿದ್ದುಪಡಿ ಸರಿಯಿದೆ ಅಂತ ತೀರ್ಪು ಕೊಟ್ಟಿತು. ಲೆಕ್ಕ ಹೀಗೆ: ಕೊನೆಯ ಮೂಲ ಪಗಾರ, ಡಿಎ (ತುಟ್ಟಿಭತ್ಯೆ) ಕೂಡಿಸಿ 26ರಿಂದ ಭಾಗಿಸಿ, 15ರಿಂದ ಗುಣಿಸಿ, ಅದನ್ನು ದುಡಿದ ವರ್ಷಗಳಿಂದ ಗುಣಿಸಿ. 12,000ದ ಮೇಲೆ 8 ವರ್ಷ ದುಡಿದಿದ್ದರೆ ಸುಮಾರು 55,000 ರೂಪಾಯಿ. ಬಿಟ್ಟು ಬರುವ ಹಣವಲ್ಲ ಇದು.

ಆದರೆ ಗ್ರಾಚ್ಯುಟಿ ಸಿಗಲು ಕಾಯಂ ನೌಕರರಿಗೆ ಸತತ 5 ವರ್ಷದ ಸೇವೆ ಬೇಕು, ಆಟ ಇರುವುದು ಅಲ್ಲೇ. ಸೇವೆ ಸತತ ಅನ್ನಿಸದಿರಲಿ ಅಂತ ಮಾರ್ಚಿನಲ್ಲಿ ಬಿಡಿಸಿ ಜೂನ್‌ನಲ್ಲಿ ಹೊಸದಾಗಿ ಸೇರಿಸಿಕೊಂಡಂತೆ ಬರೆಯುತ್ತಾರೆ. ಅದೇ ಏಪ್ರಿಲ್, ಮೇನಲ್ಲಿ, ಕಲಬುರಗಿಯ ಆ ಬಿಸಿಲಲ್ಲಿ, ಅಡ್ಮಿಶನ್ನಿಗೆ ಮನೆ ಮನೆ ತಿರುಗುವವರು ಯಾರು? ನೀವೇ. ಪಾಂಪ್ಲೆಟ್ ಹಂಚುವಾಗಿನ ಫೋಟೋ, ಯಾವ ಓಣಿ ಯಾರಿಗೆ ಅಂತ ಹಾಕಿದ ಮೆಸೇಜು, ಎಷ್ಟು ಅಡ್ಮಿಶನ್ ತಂದಿರಿ ಅಂತ ಬರೆಸಿಕೊಂಡ ಹಾಳೆ, ಇವನ್ನೆಲ್ಲ ಜೋಪಾನ ಮಾಡಿ. ರಜೆಯಲ್ಲೂ ನೀವು ಅವರ ಕೆಲಸದಲ್ಲೇ ಇದ್ದಿರಿ ಅನ್ನೋದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಇಲ್ಲ.

ಅತಿಥಿ ಶಿಕ್ಷಕರು ಪ್ರತಿ ವರ್ಷ ಶಾಲೆ ಮುಗಿಯುವಾಗ, ಆ ಹೆಡ್ ಮಾಸ್ತರರು ಇನ್ನೂ ಅಲ್ಲೇ ಇರುವಾಗ, ಅನುಭವ ಪ್ರಮಾಣಪತ್ರ ಬರೆಸಿಕೊಳ್ಳಿ.

ಕೆಲಸದಿಂದ ತೆಗೆದೇ ಬಿಟ್ಟರೆ? ಲೇಬರ್ ಕೋರ್ಟಿಗೆ ಹೋಗಿ ದಿನ ಕಳೆಯಬೇಡಿ, ಶಿಕ್ಷಕರು ಕಾರ್ಮಿಕರ ವ್ಯಾಖ್ಯೆಗೆ ಬರಲ್ಲ ಅಂತ ಸುಪ್ರೀಂ ಕೋರ್ಟ್ 1988ರಲ್ಲೇ ಹೇಳಿದೆ. ನಮ್ಮ ದಾರಿ ಬೇರೆ. 1983ರ ಕರ್ನಾಟಕ ಶಿಕ್ಷಣ ಕಾಯ್ದೆಯ 92ನೇ ಸೆಕ್ಷನ್ ಪ್ರಕಾರ ವಿಚಾರಣೆ ಮಾಡದೆ ಶಿಕ್ಷಕರನ್ನು ವಜಾ ಮಾಡುವಂತಿಲ್ಲ. ಮಾಡಿದರೆ 94ನೇ ಸೆಕ್ಷನ್ ಪ್ರಕಾರ ಆದೇಶ ಕೈಸೇರಿದ 3 ತಿಂಗಳೊಳಗೆ ಶಿಕ್ಷಣ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬೇಕು. ಜಿಲ್ಲಾ ನ್ಯಾಯಾಧೀಶರ ಮಟ್ಟದವರು ಅದನ್ನು ನಡೆಸುತ್ತಾರೆ. ‘ನಾಳೆಯಿಂದ ಬರಬೇಡಿ’ ಅಂತ ಬಾಯಲ್ಲಿ ಹೇಳಿದರೆ ಅವತ್ತೇ ಮ್ಯಾನೇಜ್‌ಮೆಂಟಿಗೆ ಪತ್ರ ಬರೆಯಿರಿ: ಇಂಥ ತಾರೀಖಿಗೆ ಹೀಗೆ ಹೇಳಿದ್ದೀರಿ, ನಾನು ಕೆಲಸಕ್ಕೆ ಸಿದ್ಧಳಿದ್ದೇನೆ, ಆದೇಶ ಇದ್ದರೆ ಬರವಣಿಗೆಯಲ್ಲಿ ಕೊಡಿ. ಸಿಬಿಎಸ್‌ಇ, ಐಸಿಎಸ್‌ಇ ಶಾಲೆಯಾದರೆ ಈ ಕಾಯ್ದೆ ಹಾಗೇ ಅನ್ವಯಿಸಲ್ಲ, ಮೊದಲು ವಕೀಲರನ್ನು ಕೇಳಿ.

ವಕೀಲರಿಗೆ ದುಡ್ಡಿಲ್ಲ ಅಂತ ಹಿಂಜರಿಯಬೇಡಿ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇರಲಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರು ಪುಕ್ಕಟೆ ಸಿಗುತ್ತಾರೆ. ಮೂರೂ ಜಿಲ್ಲೆಗಳಲ್ಲಿ ಪ್ರಾಧಿಕಾರ ಇದೆ, ಜಿಲ್ಲಾ ಕೋರ್ಟಿನಲ್ಲಿ ಕೇಳಿದರೆ ತೋರಿಸುತ್ತಾರೆ. ಹೋಗುವಾಗ ಕಾಗದಗಳ ಎರಡು ಸೆಟ್ ಝೆರಾಕ್ಸ್ ಮಾಡಿಸಿಕೊಳ್ಳಿ, ಒಂದು ಅಲ್ಲಿ ಕೊಡಿ, ಇನ್ನೊಂದರ ಮೇಲೆ ಸೀಲು ಹಾಕಿಸಿಕೊಂಡು ಬನ್ನಿ.